ಉಜ್ಜಿನಪ್ಪನ ತಂಗಡಿ ಗಿಡ

ಆಷಾಢದ ಒಂದು ಮಧ್ಯಾಹ್ನ. ಪೂಜ್ಯ ಗುರುಸಿದ್ಧಮ್ಮನವರು ಗುಡ್ಡದ ಬುಡದಲ್ಲಿದ್ದ ತಮ್ಮ ಜೋಪಡಿಯ ಮುಂದೆ ಕೂತು, ಕಷಾಯಕ್ಕೆಂದು ಬಿಡಿಸಿ ತಂದ ತಂಗಡಿ ಹೂಗಳನ್ನು ಗೋಣಿತಾಟಿನ ಮೇಲೆ ಹರವುತ್ತಿದ್ದರು. ದಿನವೂ ಮಾಡುವ ಕೆಲಸವೇ ಅದು. ಸುತ್ತಲ ಊರಿನವರಿಗೆ ಅವರು ಬರೀ ‘ಅವ್ವಾರು’.

ಗುಡ್ಡದ ಮೇಲಿಂದ ಪಕ್ಕದೂರಿನ ರೈತ ಉಜ್ಜಿನಪ್ಪ ಇಳಿದು ಬಂದ. ಹೆಗಲ ಮೇಲೆ ಆಗತಾನೆ ಅಗೆದು ಕಿತ್ತ, ಎದೆಯೆತ್ತರದ ತಂಗಡಿ ಗಿಡ. ಅದರ ಹಳದಿ ಹೂಗಳು ಆಗಲೇ ಜೋತುಬಿದ್ದಿದ್ದವು. ಕೂರು ಎಂದರೂ ಕೂರದೆ ಅವನು ಅಂಗಳದಲ್ಲಿ ಶತಪಥ ಹಾಕಿದ.

ಅವನ ಮಗಳು ಸರ್ವಮಂಗಳ ಬೇಸಿಗೆಯಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ದೀಪಾವಳಿಗೆ ಸಗಣಿಯಿಂದ ಪಾಂಡವರ ಪುಟ್ಟ ಗೊಂಬೆಗಳನ್ನು ಮಾಡಿ ತಂಗಡಿ ಹೂ ಸಿಗಿಸುವುದು ಆ ಮನೆಯಲ್ಲಿ ಅವಳದೇ ಕೆಲಸ. ಅವನೊಬ್ಬನೇ ಅವಳನ್ನು ಹೊಲದಲ್ಲಿ ಮಣ್ಣು ಮಾಡಿ ಬಂದ ದಿನದಿಂದ ಹೆಂಡತಿ ಹಾಲಮ್ಮ ಮಾತು ಬಿಟ್ಟಿದ್ದಳು, ಹೊಸಿಲು ದಾಟಿರಲಿಲ್ಲ. ದೀಪಾವಳಿಯೊಳಗೆ ಮಗಳ ಸಮಾಧಿಯ ಮೇಲೆ ತಂಗಡಿ ಅರಳಿಸುತ್ತೇನೆ, ಆಗಲಾದರೂ ಬಂದು ನೋಡು ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ತಂದು ನೆಟ್ಟ ಗಿಡಗಳೆಲ್ಲ ಒಣಗಿದವು. ಬೇರು ಹಿಡಿಯಿತೇ ಎಂದು ಬೆಳಗಾದರೆ ಬುಡ ಕೆದರಿ ನೋಡುವನು. ಒಣಗಿದರೆ ಇನ್ನೂ ದೊಡ್ಡದನ್ನು ಹುಡುಕಿ ಅಗೆಯುವನು. ಗುಡ್ಡವನ್ನೇ ಹೊತ್ತು ತಾರೋ ಮಾರಾಯ ಎಂದು ಊರವರು ಆಡಿಕೊಂಡಿದ್ದರು.

“ಅವ್ವಾರು ಕಲ್ಲಾಗೂ ಹೂ ಅರಳಿಸ್ತಾರ ಅಂತಾರ ಜನ,” ಎಂದ ಉಜ್ಜಿನಪ್ಪ. “ಮಣ್ಣಾಗ ಒಂದು ಗಿಡ ಉಳಿಸಿ ತೋರಿಸ್ರಿ ನೋಡಾನ. ಭಸ್ಮ ಕೊಡ್ತೀರೋ, ಬರೇ ಕಷಾಯನೋ?”

ಅವ್ವನವರು ಸಣ್ಣಗೆ ನಕ್ಕರು. ಗಿಡವನ್ನು ಇಳಿಸಿಕೊಂಡು, ತಾಯಿಬೇರು ತುಂಡಾದ ಜಾಗವನ್ನು ಬೆರಳಿನಿಂದ ಸವರಿದರು. ಬೆಳೆದ ತಂಗಡಿಯ ಬೇರು ಬಹಳ ಆಳಕ್ಕೆ ಇಳಿದಿರುತ್ತದೆ, ಕಡಿದ ಮೇಲೆ ಯಾವ ಭಸ್ಮವೂ ಅದನ್ನು ಉಳಿಸದು, ಬೇಕಾದ ಜಾಗದಲ್ಲೇ ಬೀಜ ಬಿತ್ತಬೇಕು ಎಂದರು. ಒಳಗಿನಿಂದ ಒಣಗಿದ ಕಾಯಿಗಳನ್ನು ತಂದು ಸುಲಿದರು. ಬೀಜದ ಸಿಪ್ಪೆ ಗಟ್ಟಿ. ಹಾಗೇ ಹಾಕಿದರೆ ನೀರು ಒಳಗಿಳಿಯದು. ಒರಟು ಕಲ್ಲಿನ ಮೇಲೆ ಒಂದು ಬೀಜದ ಬದಿಯನ್ನು ಮೆಲ್ಲಗೆ ಸವೆಸಿ ತೋರಿಸಿದರು. ಉಜ್ಜಿನಪ್ಪ ಆತುರದಲ್ಲಿ ಉಜ್ಜಿದ ಬೀಜ ಎರಡು ಹೋಳಾಯಿತು.

ಇದೆಲ್ಲ ಇರಲಿ, ಈಗ ಬಿತ್ತಿದರೆ ದೀಪಾವಳಿಗೆ ಹೂ ಬಿಡುತ್ತದೆಯೋ ಇಲ್ಲವೋ, ಅದನ್ನಷ್ಟು ಹೇಳಿ ಎಂದು ಅವನು ಒತ್ತಾಯಿಸಿದ.

“ಈ ವರ್ಷ ಆಗೂದಿಲ್ಲ ತಮ್ಮಾ.”

ಅವನು ಕುಸಿದು ಕೂತ. ಹಾಗಾದರೆ ಹಾಲಮ್ಮನಿಗೆ ಏನಂತ ಹೇಳಲಿ ಎಂದು ಕೇಳಿದ.

“ಆಗೂದಿಲ್ಲ ಅಂತನ ಹೇಳು. ಬೀಜ ಆಕಿ ಕೈಗೆ ಕೊಡು,” ಎಂದರು ಅವ್ವನವರು. “ನೀ ಒಬ್ಬಾವನೇ ಮಗಳನ್ನ ಮಣ್ಣು ಮಾಡಿ ಬಂದಿ. ಒಬ್ಬಾವನೇ ಬಿತ್ತಬ್ಯಾಡ.”

ಉಜ್ಜಿನಪ್ಪ ಅವರ ಪಾದಕ್ಕೆ ಹಣೆ ಹಚ್ಚಿದ. ಸಂಜೆ ಮನೆಯಲ್ಲಿ ಹಾಲಮ್ಮನ ಮುಂದೆ ಬೀಜ ಇಟ್ಟು, ಇದ್ದುದನ್ನು ಇದ್ದಂತೆ ಹೇಳಿದ. ಅವಳು ಹಿತ್ತಲಿಂದ ಒಂದು ಕಲ್ಲು ತಂದು ಬೀಜ ಉಜ್ಜತೊಡಗಿದಳು. ಅಷ್ಟು ಒತ್ತಬೇಡ ಎಂದು ಅವನು ಹೇಳಹೋದ.

“ನೀ ಸುಮ್ಕಿರು,” ಎಂದಳು ಹಾಲಮ್ಮ.

ಮರುದಿನ ಇಬ್ಬರೂ ಹೊಲಕ್ಕೆ ಹೋಗಿ ಬಿತ್ತಿದರು. ಉಜ್ಜಿನಪ್ಪ ಆ ಮಣ್ಣನ್ನು ಮತ್ತೆ ಕೆದರಲಿಲ್ಲ. ಆ ವಾರವಿಡೀ ಮಳೆ ಬರಲಿಲ್ಲ. ಹಾಲಮ್ಮ ದಿನವೂ ಕೊಡದಲ್ಲಿ ನೀರು ಹೊತ್ತಳು.