ದೀನಮ್ಮನ ಉದ್ದ ಪ್ರಾರ್ಥನೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಅಯ್ಯನವರೇ, ನಾನು ದಿನಾ ಒಂದು ತಾಸು ಮೊಣಕಾಲೂರಿ ಪ್ರಾರ್ಥಿಸುತ್ತೇನೆ. ಊರಲ್ಲಿ ಯಾರ್ಯಾರು ದಾರಿ ತಪ್ಪಿದ್ದಾರೋ ಅವರನ್ನೆಲ್ಲ ಹೆಸರು ಹಿಡಿದು, ಒಬ್ಬರನ್ನೂ ಬಿಡದೆ, ದೇವರಿಗೆ ಒಪ್ಪಿಸುತ್ತೇನೆ. ನಮ್ಮ ಚರ್ಚಿನ ಗಂಟೆ ಹೊಡೆಯುವವನು 'ಅಪ್ಪಾ, ಕೈ ಬಿಡಬೇಡ' ಎಂದು ಎದ್ದುಬಿಡುತ್ತಾನೆ. ಅಷ್ಟು ಗಿಡ್ಡ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆಯೇ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಲ್ಲಿ ದೀನಮ್ಮ ಎಂಬ ವಿಧವೆ ಇದ್ದಳು. ಅವಳು ಬರುತ್ತಾಳೆಂದರೆ ಮನೆ ಪ್ರಾರ್ಥನೆಗೆ ಕೂರಲು ಜಾಗ ಸಿಗುತ್ತಿರಲಿಲ್ಲ. ಭಕ್ತಿಗಲ್ಲ, ಸುದ್ದಿಗೆ. ದೀನಮ್ಮ ತಲೆಗೆ ಸೆರಗು ಹೊದ್ದು, ಕಣ್ಣು ಮುಚ್ಚಿ ಶುರುಮಾಡುವಳು: "ಕರ್ತನೇ, ಮೂಲೆಮನೆಯ ರಾಹೇಲಮ್ಮ ಮಂಗಳವಾರ ಗಂಡನ ಮೇಲೆ ಲಟ್ಟಣಿಗೆ ಎಸೆದದ್ದನ್ನು ಕ್ಷಮಿಸು. ಅದು ಅವನಿಗೆ ತಾಗಲಿಲ್ಲ, ಅದಕ್ಕೂ ಸ್ತೋತ್ರ." ಬಾವಿಕಟ್ಟೆಯಲ್ಲಿ ಹೇಳಿದ್ದರೆ ಅದು ಚಾಡಿ. ಕಣ್ಣು ಮುಚ್ಚಿ ಹೇಳಿದರೆ ವಿಜ್ಞಾಪನೆ. ಅದಕ್ಕೆ ಯಾರು ತಾನೇ ಜಗಳಕ್ಕೆ ಬರುತ್ತಾರೆ? ಎದುರಿಗೇ ಕೂತಿದ್ದ ರಾಹೇಲಮ್ಮ ಹಲ್ಲು ಕಡಿಯುತ್ತಲೇ "ಆಮೆನ್" ಅನ್ನಬೇಕಾಯಿತು.

ದೀನಮ್ಮನಿಗೆ ಒಬ್ಬಳೇ ಮಗಳು, ಲೋಯಿಸ. ಹುಡುಗಿಗೆ ಎಡಗಿವಿ ಕೇಳದು. ಆ ಕಿವಿಯ ದೆಸೆಯಿಂದ ಎರಡು ಸಂಬಂಧ ಮುರಿದಿದ್ದವು. ಮೂರನೆಯದು ದೂರದ ಊರಿನ ಒಬ್ಬ ಬಡಗಿಯದು. ಇದೂ ತಪ್ಪಿದರೆ ಇನ್ನು ಯಾರೂ ಹೊಸಿಲು ತುಳಿಯುವುದಿಲ್ಲ ಎಂಬ ಭಯ ದೀನಮ್ಮನಿಗೆ. ಹಾಗಾಗಿ ಕಿವಿಯ ಸುದ್ದಿಯನ್ನು ಬೀಗರಿಗೆ ಹೇಳದೆ ನುಂಗಿಕೊಂಡಳು. ಊರ ಗುಟ್ಟೆಲ್ಲ ಹರಾಜು ಹಾಕಿದವಳಿಗೆ ತನ್ನದೊಂದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟವಾಯಿತೋ!

ನಿಶ್ಚಿತಾರ್ಥದ ದಿನ ಬಂತು. ತಟ್ಟೆಯಲ್ಲಿ ಉಂಗುರ, ಒಲೆಯ ಮೇಲೆ ಬಿರಿಯಾನಿ. "ಉಂಗುರ ಹಾಕುವ ಮುಂಚೆ ಹುಡುಗಿಯ ತಾಯಿ ಎರಡು ಮಾತು ಪ್ರಾರ್ಥಿಸಲಿ" ಎಂದರು ಸಭೆಯ ಹಿರಿಯರು.

ಎರಡು ಮಾತಂತೆ! ದೀನಮ್ಮ ಲೋಕದ ಸೃಷ್ಟಿಯಿಂದ ಹಿಡಿದಳು. ನೋಹನ ನಾವೆ ಹತ್ತಿ ಇಳಿದಳು. ಐಗುಪ್ತ ದೇಶ ಬಿಡುವ ಹೊತ್ತಿಗೆ ಹುಡುಗನ ಸೋದರಮಾವ ಗೊರಕೆ ಹೊಡೆಯುತ್ತಿದ್ದ. ರೂಢಿಯಂತೆ ರಾಹೇಲಮ್ಮನ ಲಟ್ಟಣಿಗೆಯೂ ಬಂದು ಹೋಯಿತು. ದೀನಮ್ಮನ ಸ್ವರ ಏರಿತು, ಕಣ್ಣೀರು ಇಳಿಯಿತು, ನಾಲಿಗೆ ತನ್ನಷ್ಟಕ್ಕೇ ಓಡಿತು: "ಕರ್ತನೇ, ನನ್ನ ಮಗಳ ಎಡಗಿವಿ ಕಲ್ಲಿನಂತಿದ್ದರೂ, ಅದು ಈ ಪಾಪದ ಜನಕ್ಕೆ ಗೊತ್ತಾಗದಂತೆ ಈ ಗಳಿಗೆಯವರೆಗೂ ಕಾಪಾಡಿದೆಯಲ್ಲಾ, ನಿನಗೆ ಸ್ತೋತ್ರ!"

"ಆಮೆನ್!" ಎಂದಳು ಹಿಂದಿನಿಂದ ರಾಹೇಲಮ್ಮ. ಅಷ್ಟು ಗಟ್ಟಿ ಆಮೆನ್ ಆ ಊರು ಅದುವರೆಗೆ ಕೇಳಿರಲಿಲ್ಲ.

ಮುಚ್ಚಿದ್ದ ಕಣ್ಣೆಲ್ಲ ತೆರೆದವು. ಸೋದರಮಾವನೂ ಎದ್ದು ಕೂತ. ಆಡಿದ ಮಾತನ್ನು ಮುಚ್ಚಲು ದೀನಮ್ಮ ಇನ್ನೊಂದು ಮಾತು ಹುಡುಕಿದಳು. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ಮಾತು ಸಿಗಲಿಲ್ಲ. ಕೂತಲ್ಲೇ ಕುಸಿದು, "ಅಪ್ಪಾ, ಮೋಸ ಮಾಡಿದೆ. ಕ್ಷಮಿಸು" ಎಂದಳು. ಅಷ್ಟೇ. ಅದರಲ್ಲಿ ನೆರೆಮನೆಯವರ ಹೆಸರು ಒಂದೂ ಇರಲಿಲ್ಲ.

ಎಲ್ಲರೂ ಹುಡುಗನ ಕಡೆ ನೋಡಿದರು. ಹುಡುಗ ನಕ್ಕುಬಿಟ್ಟ. "ಏಳಿ ಅತ್ತೆ. ನಾನು ನೋಡಲು ಬಂದ ದಿನವೇ ಲೋಯಿಸ ನನಗೆ ಹೇಳಿದ್ದಾಳೆ. ಬೆಳಗಿನಿಂದ ಅವಳ ಬಲಗಡೆಗೇ ಸುತ್ತಿ ಬಂದು ಮಾತಾಡುತ್ತಿದ್ದೇನೆ. ನೀವು ಕಣ್ಣು ತೆರೆದಿದ್ದರೆ ತಾನೇ ಕಾಣುವುದು!"

"ನಮಗೂ ಗೊತ್ತು ಬೀಗಿತಿ" ಎಂದಳು ಅವನ ತಾಯಿ. "ನೀವಾಗಿ ಹೇಳುತ್ತೀರೇನೋ ಎಂದು ಕಾಯುತ್ತಿದ್ದೆವು. ಈಗ ಹೇಳಿದಿರಲ್ಲ, ಸಾಕು. ಬೇಗ ಉಂಗುರ ಹಾಕಿಸಿ, ಬಿರಿಯಾನಿ ತಳ ಹಿಡಿದ ವಾಸನೆ ಬರುತ್ತಿದೆ."

ಕತೆ ಕೇಳಿ ಶಿಷ್ಯ ಹೊಟ್ಟೆ ಹಿಡಿದು ನಕ್ಕ. "ಎಂಥ ಹೆಂಗಸು ಗುರುಗಳೇ! ಇವತ್ತಿನ ಪ್ರಾರ್ಥನೆಯಲ್ಲಿ ಅಂಥವರನ್ನೂ ಸೇರಿಸುತ್ತೇನೆ" ಎಂದ.

ಗುರುಗಳು ಕೇಳಿದರು: "ಸೇರಿಸು ಮಗನೇ, ಆದರೆ ನಿನ್ನ ಆ ಒಂದು ತಾಸಿನಲ್ಲಿ ನಿನ್ನ ಸರದಿ ಎಷ್ಟನೆಯ ನಿಮಿಷಕ್ಕೆ ಬರುತ್ತದೆ?"