ಖಾಲಿ ಗಾಡಿ

“ಬುದ್ಧಿ, ತುಂಬಿದ ಗಾಡಿಯನ್ನು ಹುಷಾರಾಗಿ ಓಡಿಸಬೇಕು, ಒಪ್ಪಿದೆ. ಖಾಲಿ ಗಾಡಿಗೂ ಯಾಕೆ ಅಷ್ಟು ಹುಷಾರು?” ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಠದ ಕಿರಿಯ ಶಿಷ್ಯ. ಲೈಸೆನ್ಸು ಬಂದದ್ದೇ ತಡ, ಮಠದ ಬೈಕು ಅವನ ಪಾಲಾಗಿತ್ತು. ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವಾಗ ಒಂದು ತೊಟ್ಟೂ ತುಳುಕದಂತೆ ಹೋಗುತ್ತಿದ್ದ. ಬರುವಾಗ ಹೆಲ್ಮೆಟ್ಟು ಬೈಕಿನ ಕನ್ನಡಿಗೆ ನೇತಾಡುತ್ತಿತ್ತು, ಬೈಕು ಗಾಳಿಯ ಹಾಗೆ ಬರುತ್ತಿತ್ತು. ಆ ಹೊತ್ತಿಗೆ ಗುರುಗಳು ದಿನವೂ ಹೆಬ್ಬಾಗಿಲಲ್ಲಿ ನಿಂತಿರುತ್ತಿದ್ದರು. ಕ್ಯಾನು ಒಳಗಿಡಿಸಲು ನಿಂತಿದ್ದಾರೆ ಎಂದೇ ಅವನು ತಿಳಿದಿದ್ದ.

“ಕೂತುಕೋ” ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ಮಡಕೆ ತಿರುಗಿಸುವ ತಿಗರಿ ಬಿಟ್ಟು ಏಳುತ್ತಿರಲಿಲ್ಲ. ಮಡಕೆಗಳನ್ನು ಸಂತೆಗೆ ಸಾಗಿಸುವುದು ಮಗನ ಕೆಲಸ. ಮಗನಿಗೆ ಆಗ ತಾನೇ ಮೀಸೆ ಚಿಗುರುತ್ತಿತ್ತು.

ಹುಡುಗ ಕೆಲಸದಲ್ಲಿ ಗಟ್ಟಿಗ. ಗಾಡಿಗೆ ದಪ್ಪಗೆ ಹುಲ್ಲು ಹಾಸುವನು. ಒಂದೊಂದು ಮಡಕೆಯ ಅಡಿಗೂ ಹುಲ್ಲು ಸುತ್ತಿದ ಸಿಂಬಿ ಇಡುವನು. ಹಗ್ಗ ಬಿಗಿದು, ಬೆರಳಗಂಟಿನಿಂದ ತಟ್ಟಿ, ಕಿವಿಗೊಟ್ಟು ಕೇಳುವನು. ಬಿರುಕಿಲ್ಲದ ಮಡಕೆ ಗಂಟೆಯ ಹಾಗೆ ದನಿ ಕೊಡುತ್ತದೆ. ಹಳ್ಳದ ಇಳಿಜಾರು ಬಂದರೆ ಕೆಳಗಿಳಿದು, ಎತ್ತುಗಳ ಮೂಗುದಾರ ಹಿಡಿದು ನಡೆಸುವನು. ಅವನ ಕೈಯಲ್ಲಿ ಮಡಕೆ ಒಡೆದದ್ದೇ ಇಲ್ಲ.

ಮಡಕೆ ಮಾರಿ ಮುಗಿಯಿತೋ, ಹುಡುಗನೇ ಬೇರೆ. ಗಾಣಿಗರ ಹುಡುಗನೂ ಎಣ್ಣೆ ಮಾರಿ ಗಾಡಿ ಕಟ್ಟಿರುತ್ತಿದ್ದ. ಇಬ್ಬರಿಗೂ ಪಂದ್ಯ. ಕುಂಬಾರಗಿತ್ತಿಯ ಮಗ ಗಾಡಿಯ ಮುಂದಿನ ಮೂಕಿಮರದ ಮೇಲೆ ನಿಂತು, ಕೂಗು ಹಾಕುತ್ತ, ಅದೇ ಇಳಿಜಾರಿನಲ್ಲಿ ಎತ್ತುಗಳನ್ನು ಓಡಿಸುತ್ತಿದ್ದ. ಒಂದು ಸಂತೆಯ ದಿನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊತ ಹೊತ್ತುಕೊಂಡು ಮನೆಗೆ ಬಂದ.

“ಗೆದ್ದೆ ಅವ್ವ!” ಎಂದ.

“ಗೆದ್ದದ್ದು ಹಣೆಯ ಮೇಲೇ ಕಾಣುತ್ತಿದೆ. ಇಷ್ಟು ದೊಡ್ಡ ಬಹುಮಾನ ಯಾರು ಕೊಟ್ಟರಪ್ಪ, ಹಳ್ಳದ ಬಂಡೆಯಾ?”

“ಗಾಡಿ ಖಾಲಿ ಇತ್ತಲ್ಲವ್ವ! ಒಡೆಯುವುದಕ್ಕೆ ಏನಿತ್ತು ಅದರಲ್ಲಿ?”

ಕುಂಬಾರಗಿತ್ತಿಯ ಬಾಯಿ ಊರಿಗೇ ಗೊತ್ತು. ಅವಳು ಬೈಯಲು ಹಿಡಿದರೆ ತಿಗರಿ ನಿಂತರೂ ಅವಳ ನಾಲಿಗೆ ನಿಲ್ಲುತ್ತಿರಲಿಲ್ಲ. ಅಂದು ಮಾತ್ರ ಸುಮ್ಮನೆ ಅರಿಸಿನ ತೇಯ್ದು ಹಚ್ಚಿದಳು. ಬೈದದ್ದೆಲ್ಲ ಈ ಕಿವಿಯಿಂದ ಆ ಕಿವಿಗೆ ದಾಟಿ ಹೋಗಿದೆ ಎಂಬುದು ಅವಳಿಗೆ ತಿಳಿದಿತ್ತು. ಮಡಕೆ ಒಡೆದರೆ ಮಣ್ಣು ಇದೆ, ಗಂಡನ ಕೈ ಇದೆ. ಈ ಹಣೆ ಒಡೆದರೆ ಏನಿದೆ? ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಮುಂದಿನ ಸಂತೆಗೆ ಅವಳೂ ಹೊರಟಳು. ಮಡಕೆಗಳೆಲ್ಲ ಮಾರಾಟವಾದವು. ಗಾಣಿಗರ ಹುಡುಗ ಗಾಡಿ ಕಟ್ಟಿ ಕಣ್ಣು ಹೊಡೆದ. ಮಗ ಚಂಗನೆ ಮೂಕಿಮರಕ್ಕೆ ಹಾರಿದ.

“ಇಳಿಯೋ. ಇನ್ನೂ ಸರಕು ಏರಿಸಿಲ್ಲ” ಎಂದಳು ತಾಯಿ.

“ಯಾವ ಸರಕು? ಎಲ್ಲ ಮಾರಿದೆವಲ್ಲ.”

“ಒಂದು ಉಳಿದಿದೆ.”

ಅವಳು ಹುಲ್ಲನ್ನು ದಪ್ಪಗೆ ಹಾಸಿದಳು. ಮಗನನ್ನು ಅದರ ನಡುವೆ ಕೂರಿಸಿದಳು. ತಲೆಗೆ ಸಿಂಬಿ ಇಟ್ಟು, ಮೇಲೆ ತನ್ನ ಸೆರಗಿನಷ್ಟಗಲದ ಬಟ್ಟೆ ಸುತ್ತಿದಳು. ಸೊಂಟಕ್ಕೆ ಹಗ್ಗ ಹಾಕಿ ಗಾಡಿಯ ಗೂಟಕ್ಕೆ ಬಿಗಿದಳು. ಸಂತೆಗೆ ಸಂತೆಯೇ ಸುತ್ತ ನೆರೆಯಿತು. ಕೊನೆಗೆ ಅವಳು ಬೆರಳಗಂಟಿನಿಂದ ಮಗನ ತಲೆಯನ್ನು ತಟ್ಟಿ, ಕಿವಿಗೊಟ್ಟು ಕೇಳಿದಳು.

“ದನಿ ಚೆನ್ನಾಗಿದೆ. ಒಳಗೆ ಏನೂ ಇಲ್ಲವಲ್ಲ, ಅದಕ್ಕೇ ಇಷ್ಟು ಚೆನ್ನಾಗಿದೆ” ಎಂದಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಪ್ಪು ಮಾರುವ ಮುದುಕಿಯೊಬ್ಬಳು, “ಇದು ಎಷ್ಟಕ್ಕೆ ಕೊಡ್ತೀಯವ್ವ?” ಎಂದು ಕೇಳಿದಳು.

“ಮಾರೋದಲ್ಲ ಅಜ್ಜಿ. ನನ್ನ ಮನೇಲಿ ಇಂಥದ್ದು ಇದೊಂದೇ ಇರೋದು” ಎಂದಳು ಕುಂಬಾರಗಿತ್ತಿ. ಅದನ್ನು ಹೇಳುವಾಗ ಅವಳು ನಗಲಿಲ್ಲ. ಹುಲ್ಲಿನಲ್ಲಿ ಹುದುಗಿ ಕೂತು, ನಾಚಿ ನಗುತ್ತಿದ್ದ ಹುಡುಗ ಅವ್ವನ ಮುಖವನ್ನು ಕಂಡ. ಅವನ ನಗು ಅಲ್ಲಿಗೇ ನಿಂತಿತು.

ಗಾಣಿಗರ ಹುಡುಗ ಮಾತ್ರ ಇನ್ನೂ ಬಿದ್ದು ಬಿದ್ದು ನಗುತ್ತಿದ್ದ. ಅವಳು ಅವನತ್ತ ತಿರುಗಿದಳು. “ಬಾರೋ ಮಗನೇ, ಹುಲ್ಲು ಇನ್ನೂ ಮಿಕ್ಕಿದೆ. ನಿನ್ನವ್ವ ಬಂದಿಲ್ಲ ಅಂತ ನಿನ್ನನ್ನು ಹಾಗೇ ಬಿಟ್ಟುಬಿಡ್ತೀನಾ?”

ಅವನು ಮೂಕಿಮರದಿಂದ ಇಳಿದು, ತೆಪ್ಪಗೆ ತನ್ನ ಗಾಡಿಯೊಳಗೆ ಕೂತು ಹಗ್ಗ ಹಿಡಿದ.

ಮಗನ ಬದಲು ತಾಯಿಯೇ ಎತ್ತುಗಳನ್ನು ಹೊಡೆದಳು, ಎರಡು ಗಾಡಿಗಳೂ ಹೊರಟವು. ಊರ ದಾರಿಯಲ್ಲಿ ಸಿಕ್ಕವರೆಲ್ಲ ಹಗ್ಗ ಬಿಗಿದ ಸರಕನ್ನು ನೋಡಿ ನಕ್ಕರು, ಸರಕೂ ನಕ್ಕಿತು. ಇಳಿಜಾರು ಹತ್ತಿರವಾದಾಗ ಮಗ, “ಅವ್ವ, ಹಗ್ಗ ಬಿಚ್ಚು. ಇಲ್ಲಿ ನಾನು ನಡೆಸುತ್ತೇನೆ” ಎಂದ. ತಾಯಿ ಬಿಚ್ಚಿದಳು. ಅವನು ಕೆಳಗಿಳಿದು, ಎತ್ತುಗಳ ಮೂಗುದಾರ ಹಿಡಿದು, ತುಂಬಿದ ಗಾಡಿಯನ್ನು ಇಳಿಸುವಂತೆಯೇ ಆ ಗಾಡಿಯನ್ನು ಇಳಿಸಿದ. ಹಿಂದೆ ಗಾಣಿಗರ ಹುಡುಗನೂ ಇಳಿದು ನಡೆದ. ಅಷ್ಟು ಬಾಯಿಯ ಕುಂಬಾರಗಿತ್ತಿ ಊರು ಬರುವವರೆಗೆ ಒಂದು ಮಾತೂ ಆಡಲಿಲ್ಲ. ಹಾಡಿಕೊಂಡು ಬಂದಳು.

ಮನೆಯ ಮುಂದೆ ಗಾಡಿ ನಿಂತಿತು. ತಿಗರಿಯ ಮೇಲಿಂದ ಕಣ್ಣೆತ್ತದೆ ಗಂಡ, “ಏನಾದರೂ ಒಡೆಯಿತೇನೇ?” ಎಂದು ಕೇಳಿದ.

ಅವಳು ಮಗನ ತಲೆಯನ್ನು ಇನ್ನೊಮ್ಮೆ ತಟ್ಟಿ ಕೇಳಿದಳು. “ಇಲ್ಲ. ಇಡಿಯಾಗಿ ಬಂದಿದೆ” ಎಂದಳು.

ಕತೆ ಮುಗಿಯಿತು. ಚನ್ನವೀರನ ಕಣ್ಣಲ್ಲಿ ನಕ್ಕು ನಕ್ಕು ನೀರು ಬಂದಿತ್ತು. “ಹಾಗಾದರೆ ಬುದ್ಧಿ, ನೀವು ದಿನಾ ಹೆಬ್ಬಾಗಿಲಲ್ಲಿ ನಿಲ್ಲುವುದು ನನ್ನ ಕ್ಯಾನು ತಟ್ಟಿ ನೋಡುವುದಕ್ಕಾ?” ಎಂದು ಕೇಳಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಖಾಲಿ ಕ್ಯಾನಿಗಾಗಿ ಯಾರಾದರೂ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುತ್ತಾರೇನೋ, ಮಗ?”

ಚನ್ನವೀರ ಎದ್ದು ಹೋಗಿ, ಬೈಕಿನ ಕನ್ನಡಿಗೆ ನೇತಾಡುತ್ತಿದ್ದ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡ.