ದಫೇದಾರನ ನಾಲ್ಕನೇ ‘ಬೇಡ’

ಒಂದಾನೊಂದು ಊರಿನಲ್ಲಿ... ಹತ್ತಿರ ಬನ್ನಿ ಮಕ್ಕಳಾ, ಹೊಗೆ ಆ ಕಡೆ ಹೋಗ್ತಿದೆ... ಕಳ್ಳರನ್ನು ಹಿಡಿಯೋ ಒಬ್ಬ ದಫೇದಾರ ಇದ್ದ. ಹೆಸರು ಚಿಕ್ಕಬೋರಯ್ಯ. ತಲೆ ಮೇಲೆ ಕೆಂಪು ಪೇಟ, ಮೂಗಿನ ಕೆಳಗೆ ಗೇಣುದ್ದ ಮೀಸೆ, ಒಳಗೆ ಬೆಣ್ಣೆಯಂಥ ಮನಸ್ಸು. ಲಂಚ ಅಂದರೆ ಉರಿದು ಬೀಳುತ್ತಿದ್ದ. ಚಿನ್ನದ ಸರ ಚಾಚಿದವನನ್ನು ಬೀದಿ ಕೊನೆವರೆಗೂ ಅಟ್ಟಿಸಿಕೊಂಡು ಹೋಗಿದ್ದ.

ಆದರೆ ಆ ಊರಲ್ಲಿ ಒಂದು ಮರ್ಯಾದೆ ಇತ್ತು. ಯಾರು ಏನು ಕೊಟ್ಟರೂ ಮೂರು ಸಲ ‘ಬೇಡ’ ಅನ್ನಬೇಕು, ಆಮೇಲೆ ಈಸ್ಕೋಬೇಕು. ಒಂದೇ ಸಲ ಅಂದವನು ಹೊಟ್ಟೆಬಾಕ. ಮೂರು ಸಲ ಅಂದವನು ಮರ್ಯಾದಸ್ಥ. ನಮ್ಮ ದಫೇದಾರ ಮರ್ಯಾದಸ್ಥ.

“ಮೀಸೆಗೆ ಒಂದು ತೊಟ್ಟು ಎಣ್ಣೆ, ದಫೇದಾರ್ರೇ,” ಅಂತಿದ್ದ ಗಾಣದ ನಂಜಪ್ಪ.

“ಬೇಡ, ಬೇಡ, ಬೇಡ,” ಅಂತ ಇವನು ಮೀಸೆ ಮುಂದಕ್ಕೆ ಚಾಚುತ್ತಿದ್ದ.

“ಮೆಟ್ಟಿಗೆ ಒಂದು ಮೊಳೆ, ದಫೇದಾರ್ರೇ,” ಅಂತಿದ್ದ ಮೆಟ್ಟಿನಂಗಡಿ ದಾಸಣ್ಣ.

“ಬೇಡ, ಬೇಡ, ಬೇಡ,” ಅಂತ ಕಾಲು ಎತ್ತುತ್ತಿದ್ದ.

“ಬಿಸಿಬಿಸಿ ಒಂದು ದೋಸೆ, ಅಣ್ಣಯ್ಯ,” ಅಂತಿದ್ದಳು ದೋಸೆ ಮಾರೋ ಪುಟ್ಟಕ್ಕ. ಮೂರನೇ ‘ಬೇಡ’ ಬರೋ ಹೊತ್ತಿಗೆ ಅರ್ಧ ದೋಸೆ ಬಾಯಲ್ಲಿರುತ್ತಿತ್ತು.

ಒಂದು ತೊಟ್ಟು, ಒಂದು ಮೊಳೆ, ಒಂದು ದೋಸೆ. ಇದೂ ಒಂದು ಲಂಚವಾ? ಅಂತ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಅಲ್ಲ ಬಿಡು, ಅಂತ ತಾನೇ ಹೇಳಿಕೊಳ್ಳುತ್ತಿದ್ದ.

ಆ ಊರಿನ ರಾಜನಿಗೆ ಒಂದು ಹುಂಜ ಇತ್ತು. ಹುಂಜ ಕೂಗದೆ ಸೂರ್ಯ ಮೇಲೆ ಬರೋ ಹಾಗಿಲ್ಲ. ಸೂರ್ಯ ಬರದೆ ರಾಜ ಮೈಮೇಲೆ ನೀರು ಹಾಕ್ಕೊಳ್ಳೋ ಹಾಗಿಲ್ಲ. ಒಂದು ಬೆಳಗ್ಗೆ ನೋಡಿದರೆ ಹುಂಜ ಮಾಯ! ಸೂರ್ಯ ಗುಡ್ಡದ ಮೇಲೆ ಗದ್ದ ಊರಿಕೊಂಡು, “ಕೂಗಲಿ, ಬರ್ತೀನಿ,” ಅಂತ ಕೂತುಬಿಟ್ಟ. ಅರ್ಧ ಬೆಳಕು, ಅರ್ಧ ಮಬ್ಬು. ಹಸುಗಳು ಅರ್ಧ ಹಾಲು ಕೊಟ್ಟು ನಿಲ್ಲಿಸಿದವು.

ರಾಜ ಪಂಚೆ ಸುತ್ತಿಕೊಂಡು ಬಚ್ಚಲಿನಿಂದಲೇ ಕೂಗಿದ. “ಏನಯ್ಯಾ ದಫೇದಾರ! ಈ ಹಂಡೆ ನೀರು ತಣ್ಣಗಾಗೋದರೊಳಗೆ ಹುಂಜ ಬರಬೇಕು. ಬರಲಿಲ್ಲವೋ, ನೀನೇ ಹುಂಜ. ಕೆಂಪು ಜುಟ್ಟು ಹೇಗೂ ತಲೆ ಮೇಲಿದೆ. ಸಾಯೋವರೆಗೂ ಅರಮನೆ ಸೂರಿನ ಮೇಲೆ ಕೂತು ಕೂಗಬೇಕು. ಮುದ್ದೆ ಇಲ್ಲ, ಬರೀ ಕಾಳು!”

ಮುದ್ದೆ ಇಲ್ಲ! ಹೆಂಡತಿ ಸಣ್ಣತಾಯಿ ಕಟ್ಟಿದ ಮುದ್ದೆ, ಅವರೆಕಾಯಿ ಸಾರು ಕಣ್ಣ ಮುಂದೆ ಬಂತು. ಅವಳು ಕೆಳಗೆ, ತಾನು ಸೂರಿನ ಮೇಲೆ. ಓಡಿದ.

ಗಾಣದ ಬಾಗಿಲಿಗೆ ಹೋದ. ಒಳಗೆ ಇಣುಕಬೇಕು, ಅಷ್ಟರಲ್ಲಿ ಮೀಸೆ ಮಾತಾಡಿತು. “ನಂಜಪ್ಪನ ಮನೇನ ಶೋಧಿಸ್ತೀಯಾ? ನಾನು ಯಾರ ಎಣ್ಣೇಲಿ ಮಿಂಚ್ತಿದ್ದೀನಿ, ಗೊತ್ತಾ?” ಅಂತ ಮೇಲಕ್ಕೆದ್ದು ಎರಡು ಕಣ್ಣನ್ನೂ ಮುಚ್ಚಿಬಿಟ್ಟಿತು.

ದಾಸಣ್ಣನ ಅಂಗಡಿಗೆ ಹೊರಟ. ಮೆಟ್ಟು ಹಿಂದಕ್ಕೆ ನಡೆಯಿತು. “ಮೊಳೆ ಹೊಡೆದ ಮಹಾರಾಯನ ಮೇಲೆ ಅನುಮಾನವೇ? ನಾವು ಬರಲ್ಲಪ್ಪ.”

ಹಂಡೆಯ ನೀರು ಅಷ್ಟೊತ್ತಿಗೆ ಸುಡೋದು ಬಿಟ್ಟು ಬರೀ ಬಿಸಿಯಾಗಿತ್ತು.

ಮೆಟ್ಟು ಹಿಂದಕ್ಕೆ ಒಯ್ದು ನಿಲ್ಲಿಸಿದ್ದು ಪುಟ್ಟಕ್ಕನ ಮನೇಲಿ. ಮೂಲೇಲಿ ದೊಡ್ಡ ಹಿಟ್ಟಿನ ಗಡಿಗೆ. ಅದರ ಪಕ್ಕ ಒಂದು ಕುಕ್ಕೆ ಬೋರಲು. ಕುಕ್ಕೆ ಒಳಗಿಂದ, “ಕೊಕ್!”

“ಏನಮ್ಮಾ ಅದು?”

“ಹಂಚು ಕಾಯ್ತಿದೆ ಅಣ್ಣಯ್ಯ, ಅದರ ಸದ್ದು. ಪಾಪ, ಮುಖ ಬಾಡಿದೆ. ಒಂದು ದೋಸೆ ತಿನ್ನು.”

“ಬೇಡ, ಬೇಡ, ಬೇಡ.” ತಿಂದ. ತಿಂದದ್ದೇ ತಡ, ಹೊಟ್ಟೆಯಲ್ಲಿದ್ದ ಹಳೇ ದೋಸೆಗಳೆಲ್ಲ ಎದ್ದು ಕೂತವು. “ಹಂಚೇ, ಹಂಚೇ! ಅಕ್ಕ ಸುಳ್ಳು ಹೇಳ್ತಾಳಾ?” ಅಂದವು. ಎರಡು ಸುರುಳಿ ಸುತ್ತಿಕೊಂಡು ಮೇಲೆ ಹತ್ತಿ, ಒಳಗಿಂದಲೇ ಅವನ ಕಿವಿ ಮುಚ್ಚಿದವು.

ಕಣ್ಣಿಲ್ಲ, ಕಿವಿಯಿಲ್ಲ, ಕಾಲು ಹಿಂದಕ್ಕೆ. ಹಿಂದಕ್ಕೆ ನಡೆದು ನಡೆದು ಮನೆ ಸೇರಿ, ಜಗುಲಿ ಮೇಲೆ ಕೂತು ಗೊಳೋ ಅಂತ ಅತ್ತ. ಸಣ್ಣತಾಯಿ ಮೀಸೆ ಎತ್ತಿ, ಕಿವಿಯೊಳಗಿನ ದೋಸೆ ಸರಿಸಿ, ಎಲ್ಲಾ ಕೇಳಿಸಿಕೊಂಡಳು.

“ರೀ, ಎಷ್ಟು ಸಲ ಬೇಡ ಅಂದ್ರಿ?”

“ಮೂರು ಸಲ ಕಣೇ. ಮರ್ಯಾದೆಯಾಗಿ.”

“ಮೂರು ಸಲ ಅಂದರೆ ಈ ಊರಲ್ಲಿ ಕೊಡಿ ಅಂತಲೇ ಅರ್ಥ! ನಾಲ್ಕನೇದು ಏನಾಯ್ತು?”

ದಫೇದಾರ ಬಾಯಿ ತೆರೆದು ತೋರಿಸಿದ. ಅಲ್ಲೇ ಇತ್ತು, ಗಂಟಲ ಮೂಲೇಲಿ. ಒಂದು ದಿನವೂ ಬಳಸದೆ ತುಕ್ಕು ಹಿಡಿದಿತ್ತು.

“ಓಡ್ರೀ, ನೀರು ಆರ್ತಿದೆ!” ಅಂತ ಸಣ್ಣತಾಯಿ ಅವನನ್ನು ತಿರುಗಿಸಿ ನಿಲ್ಲಿಸಿದಳು. ಮೆಟ್ಟು ಹಿಂದಕ್ಕೆ ನಡೆಯೋದು ತಾನೇ? ಹಿಂದಕ್ಕೆ ನಡೆದೇ ಪುಟ್ಟಕ್ಕನ ಮನೆ ಸೇರಿದ.

“ಬಂದ್ಯಾ ಅಣ್ಣಯ್ಯ? ಇನ್ನೊಂದು ದೋಸೆ?”

“ಬೇಡ, ಬೇಡ, ಬೇಡ...” ದೋಸೆ ಘಮ್ ಅಂತಿತ್ತು. ಅಂಚು ಕೆಂಪಗಾಗಿತ್ತು. ಕೈ ತಾನಾಗೇ ಮೇಲೆ ಹೋಯಿತು. ಸಣ್ಣತಾಯಿಯ ಮುದ್ದೆ ನೆನೆದು ಕೈ ಹಿಂದಕ್ಕೆ ಕಟ್ಟಿದ. ಕಣ್ಣಲ್ಲಿ ನೀರು ಬಂತು. “...ಬೇ...ಡ!”

ಆ ಊರಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. ಹಂಚು ಚುಂಯ್ ಅನ್ನೋದು ನಿಲ್ಲಿಸಿತು. ಎಣ್ಣೆ ಮೀಸೆಯಿಂದ ಇಳಿದು ಗಾಣಕ್ಕೆ ಹೋಯಿತು. ಮೊಳೆ ಕುಂಟುತ್ತಾ ದಾಸಣ್ಣನ ಡಬ್ಬಿ ಸೇರಿತು. ದೋಸೆಗಳು ಒಂದೊಂದಾಗಿ ಬಾಯಿಂದ ಇಳಿದು, ಕರಗಿ, ಗಡಿಗೆ ಸೇರಿ ಮತ್ತೆ ಹಿಟ್ಟಾದವು. ಹಿಟ್ಟು ಉಬ್ಬಿತು, ಉಕ್ಕಿತು, ಕುಕ್ಕೆ ಮಗುಚಿತು. ಹುಂಜ ಹೊರಗೆ!

“ಕೊಕ್ಕೊಕ್ಕೋ!”

ಸೂರ್ಯ ಗಡಬಡಿಸಿ ಎದ್ದ. ಹಸುಗಳು ಉಳಿದರ್ಧ ಹಾಲು ಕೊಟ್ಟವು. ರಾಜ ಹಂಡೆಗೆ ಕೈ ಹಾಕಿ ನೋಡಿದ, ಉಗುರುಬೆಚ್ಚಗಿತ್ತು.

“ಯಾಕಮ್ಮಾ ಕದ್ದೆ?” ಅಂತ ದಫೇದಾರ ಕರೆತಂದ ಪುಟ್ಟಕ್ಕನನ್ನು ರಾಜ ಕೇಳಿದ, ತಲೆ ಒರೆಸಿಕೊಳ್ಳುತ್ತಾ.

“ಇನ್ನೇನು ಬುದ್ಧೀ! ದಿನಾ ಹೊತ್ತಿಗೆ ಮುಂಚೆ ಕೂಗ್ತದೆ. ನನ್ನ ಹಿಟ್ಟು ಹುಳಿ ಬರೋದು ಬೇಡ್ವಾ?”

ರಾಜ ಯೋಚಿಸಿದ. ಹುಳಿ ಬರದ ದೋಸೆ ಅವನೂ ತಿಂದಿದ್ದ. “ಇನ್ನು ಮೇಲೆ ಹುಂಜ ಹಿಟ್ಟನ್ನು ಕೇಳಿ ಕೂಗಬೇಕು. ನೀನು ಒಂದು ವರ್ಷ ಹುಂಜದ ಗೂಡು ಗುಡಿಸಬೇಕು,” ಅಂದ. ದಫೇದಾರನಿಗೆ ಉಂಗುರ ಚಾಚಿದ.

“ಬೇಡ, ಬೇಡ, ಬೇಡ, ಬೇಡ,” ಅಂದ ಚಿಕ್ಕಬೋರಯ್ಯ. ಈಗ ನಾಲ್ಕನೇದು ಸಲೀಸಾಗಿ ಬಂತು.

ಹೊರಗೆ ಬಂದವನ ಮೀಸೆ ಜೋತುಬಿದ್ದಿತ್ತು, ಮೆಟ್ಟು ಪಟಪಟ ಅಂತಿತ್ತು. ಪುಟ್ಟಕ್ಕನ ಹತ್ತಿರ ದುಡ್ಡು ಕೊಟ್ಟು ಒಂದು ದೋಸೆ ಕಟ್ಟಿಸಿಕೊಂಡು ಹೋಗಿ, ಹೆಂಡತಿ ಜೊತೆ ಹಂಚಿಕೊಂಡು ತಿಂದ. ಹೊಟ್ಟೆಗೆ ಕಿವಿಗೊಟ್ಟು ಕಾದ. ದೋಸೆ ತುಟಿ ಪಿಟಕ್ ಅನ್ನಲಿಲ್ಲ.

ಹುಂಜ ಸೂರಿಗೆ, ಹಿಟ್ಟು ಗಡಿಗೆಗೆ, ಕತೆ ನಿಮಗೆ. ಕತೆ ಹೇಳಿದ ಅಜ್ಜಿಗೆ ಎಲೆ ಅಡಿಕೆ ಯಾರು ತರ್ತೀರಿ? ಬೇಡ, ಬೇಡ, ಬೇಡ... ನಾನೇನು ದಫೇದಾರನಾ? ತನ್ನಿ ಇತ್ಲಾಗೆ.